ನಿದಾನಕ್ಕೆ ನಿಧಾನ ಬೇಕು

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳು ಮತ್ತು ಪೋಷಕರನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)





ಶಿಕ್ಷಣದ ಮಹತ್ವದ ಬಗ್ಗೆ ನಾಲ್ಕು ಮಾತು ಆಡಬೇಕೆಂದು ನನಗೆ ಅಪ್ಪಣೆಯಾಗಿದೆ. ಆ ವಿಷಯದ ಮೇಲೆ ಈ ವೇದಿಕೆಯಿಂದ ನೀವು ಪ್ರತಿ ವರ್ಷವೂ ಒಳ್ಳೆಯ ಭಾಷಣಗಳನ್ನು ಕೇಳಿದ್ದೀರಿ. ಹಾಗಾಗಿ ಇಂದು ನಾನು ಸ್ಟಾರ್ಟ್ ಆಗದ ಒಂದು ಹಳೆಯ ಕಾರಿನ ಬಗ್ಗೆ ಮಾತಾಡುತ್ತೇನೆ. ದಯವಿಟ್ಟು ನಗಬೇಡಿ. ಬಿ.ಇಡಿ. ಓದುವಾಗ ನಾನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದ ಒಂದು ಪಾಠ ಆ ಕಾರಿನ ಬಾನೆಟ್ ಮುಂದೆ ನಿಂತಾಗ ನನಗೆ ಅರ್ಥವಾಯಿತು. ಅದನ್ನು ನಿಮ್ಮೊಡನೆ ಹಂಚಿಕೊಳ್ಳಬೇಕು.

ನಾನು ಉರ್ದು ಮತ್ತು ಕನ್ನಡ ಕಲಿಸುವವನು. ಅದಕ್ಕೇ ಎರಡು ಪದಗಳಿಂದ ಶುರು ಮಾಡುತ್ತೇನೆ. ರೋಗ ಯಾವುದು, ಅದರ ಕಾರಣ ಏನು ಎಂದು ವೈದ್ಯರು ಕಂಡುಹಿಡಿಯುವುದನ್ನು ಕನ್ನಡದಲ್ಲಿ 'ನಿದಾನ' ಎನ್ನುತ್ತೇವೆ. ಇದರಲ್ಲಿ ದ ಅಲ್ಪಪ್ರಾಣ. ಆತುರಪಡದೆ ಮೆಲ್ಲಗೆ ಮಾಡುವುದು 'ನಿಧಾನ'. ಇದರಲ್ಲಿ ಧ ಮಹಾಪ್ರಾಣ. ಒಂದರ ಬದಲು ಇನ್ನೊಂದು ಬರೆದ ಮಕ್ಕಳಿಗೆ ನಾನು ಅರ್ಧ ಅಂಕ ಕಳೆಯುತ್ತೇನೆ. ಆದರೆ ಕೆಲಸದಲ್ಲಿ ಇವೆರಡೂ ಅಣ್ಣತಮ್ಮಂದಿರಂತೆ ಜೊತೆಗೇ ಇರಬೇಕು. ಉರ್ದುವಿನಲ್ಲಿ ನಿದಾನಕ್ಕೆ 'ತಶ್ಖೀಸ್' ಎನ್ನುತ್ತಾರೆ. ಅದು 'ಶಖ್ಸ್' ಎಂಬ ಪದದ ಬಳಗದ್ದು. ಶಖ್ಸ್ ಎಂದರೆ ವ್ಯಕ್ತಿ. ನೂರರ ಗುಂಪಿನಲ್ಲಿ ಇಂಥದ್ದೇ ಒಂದನ್ನು ಬೇರೆಯಾಗಿ ಗುರುತಿಸುವುದು ಆ ಪದದ ಭಾವ. ಈ ಎರಡು ಪದಗಳನ್ನು ನೆನಪಿನಲ್ಲಿಡಿ. ಈಗ ಕಾರಿಗೆ ಬರೋಣ.

ಹೊಸ ಬ್ಯಾಟರಿಯ ಕಥೆ

ನನ್ನ ಬಳಿ ಒಂದು ಹಳೆಯ ಮಾರುತಿ 800 ಇದೆ. ನಿಮ್ಮಲ್ಲಿ ಹಲವರ ಮನೆಯಲ್ಲಿ ಇದ್ದಿರಬಹುದು. 1983ರ ಡಿಸೆಂಬರ್‌ನಲ್ಲಿ ರಸ್ತೆಗೆ ಬಂದು, 2014ರಲ್ಲಿ ತಯಾರಿಕೆ ನಿಂತ ಗಾಡಿ ಅದು. 796 ಸಿಸಿ, ಮೂರು ಸಿಲಿಂಡರ್. ನನ್ನದು ಕಾರ್ಬೊರೇಟರ್ ಇರುವ ಹಳೆಯ ಮಾದರಿ.

ಅಮ್ಮಿಯನ್ನು ಕಣ್ಣಿನ ಆಪರೇಷನ್‌ಗೆ ಕರೆದುಕೊಂಡು ಹೋಗಬೇಕಾದ ದಿನ ಬೆಳಿಗ್ಗೆ ಕೀ ತಿರುಗಿಸಿದೆ. 'ಟಕ್' ಎಂದು ಒಂದು ಸದ್ದು ಬಂತು, ಅಷ್ಟೇ. ಲೈಟು ಚೆನ್ನಾಗಿ ಉರಿಯುತ್ತಿತ್ತು, ಹಾರ್ನ್ ಜೋರಾಗಿತ್ತು. ಅಮ್ಮಿಯನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ಸಂಜೆ ಒಬ್ಬ ಮೆಕ್ಯಾನಿಕ್‌ನನ್ನು ಕರೆಸಿದೆ. ಅವರು ಬಾನೆಟ್ ಎತ್ತುವ ಮೊದಲೇ "ಬ್ಯಾಟರಿ ಹೋಗಿದೆ" ಎಂದರು. ಸಂಬಳದ ಹಣದಲ್ಲಿ ಹೊಸ ಬ್ಯಾಟರಿ ತಂದು ಹಾಕಿಸಿದೆ. ಗಾಡಿ ಸ್ಟಾರ್ಟ್ ಆಯಿತು. ಹತ್ತು ದಿನ ಕಳೆದ ಮೇಲೆ ಮತ್ತೆ ಅದೇ 'ಟಕ್'. "ಹಾಗಾದರೆ ಸೆಲ್ಫ್ ಮೋಟಾರ್ ಹೋಗಿರಬೇಕು, ಬಿಚ್ಚಬೇಕು" ಎಂದರು. ನನಗೆ ಧೈರ್ಯ ಬರಲಿಲ್ಲ.

ನೆರೆಯವರು ಇನ್ನೊಂದು ಗ್ಯಾರೇಜಿನ ಹುಡುಗನನ್ನು ಕಳುಹಿಸಿದರು. ನೋಡಿದರೆ ಅವನು ನನ್ನ ಹಳೆಯ ವಿದ್ಯಾರ್ಥಿ. ಒಂಬತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟವನು. ಅವನ ಪ್ರಗತಿ ಪತ್ರದಲ್ಲಿ "ಗಮನ ಸಾಲದು" ಎಂದು ಬರೆದವನು ನಾನೇ. "ನೋಡು ಬೇಟಾ, ಏನಾಗಿದೆಯೋ" ಎಂದೆ. ಅವನು ಪಾನಾ ಕೈಗೆತ್ತಿಕೊಳ್ಳಲಿಲ್ಲ. "ಸರ್, ಬೆಳಿಗ್ಗೆ ತಣ್ಣಗಿದ್ದಾಗ ಹೀಗಾಗುತ್ತದೋ, ಓಡಿ ಬಿಸಿಯಾದ ಮೇಲೋ? ಒಂದೇ ಟಕ್ಕೋ, ಟಕಟಕ ಅಂತಲೋ? ಇತ್ತೀಚೆಗೆ ಏನಾದರೂ ಕೆಲಸ ಮಾಡಿಸಿದ್ದೀರಾ?" ಎಂದು ಮೂರು ಪ್ರಶ್ನೆ ಕೇಳಿದ. ಆಮೇಲೆ ಹೆಡ್‌ಲೈಟ್ ಹಾಕಿ ಕೀ ತಿರುಗಿಸಲು ನನಗೆ ಹೇಳಿ, ತಾನು ಗಾಡಿಯ ಮುಂದೆ ನಿಂತ. 'ಟಕ್' ಎಂದಿತು, ಲೈಟು ಮಂಕಾಗಲಿಲ್ಲ. ಅವನು ಜಂಪರ್ ಕೇಬಲ್ ತೆಗೆದು ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಕಚ್ಚಿಸಿದ. "ಈಗ ಹೊಡೀರಿ ಸರ್." ಸೆಲ್ಫ್ ಗರಗರ ತಿರುಗಿ ಗಾಡಿ ಸ್ಟಾರ್ಟ್ ಆಯಿತು.

ದೋಷ ಇದ್ದದ್ದು ಅರ್ಥಿಂಗ್ ತಂತಿಯಲ್ಲಿ. ಬ್ಯಾಟರಿಯಿಂದ ಎಂಜಿನ್ ಕಡೆಗೆ ಹೋಗುವ ದಪ್ಪ ತಂತಿಯ ಬೋಲ್ಟ್ ಕೆಳಗೆ ತುಕ್ಕು ಹಿಡಿದಿತ್ತು. ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಬಿಗಿ ಮಾಡಿದ. ಹಿಂದೆ ಬ್ಯಾಟರಿ ಬದಲಿಸುವಾಗ ತಂತಿ ಅಲುಗಾಡಿ ಹತ್ತು ದಿನ ಹೇಗೋ ಸಂಪರ್ಕ ಸಿಕ್ಕಿತ್ತು. ಅದನ್ನೇ ನಾವು ಗುಣವಾಯಿತು ಎಂದುಕೊಂಡಿದ್ದೆವು.

'ಟಕ್' ಎಂಬ ಸದ್ದಿನಲ್ಲಿ ಓಮನ ನಿಯಮ

ಹತ್ತನೆಯ ತರಗತಿಯ ಮಕ್ಕಳೇ, ನೀವು ಓಮನ ನಿಯಮ ಓದಿದ್ದೀರಿ. ವಿಭವಾಂತರ ಎಂದರೆ ವಿದ್ಯುತ್ ಪ್ರವಾಹ ಮತ್ತು ರೋಧದ ಗುಣಲಬ್ಧ. ಸಣ್ಣ ಕಾರಿನ ಸೆಲ್ಫ್ ಮೋಟಾರ್ ಎಂಜಿನ್ನನ್ನು ತಿರುಗಿಸುವಾಗ ಸುಮಾರು 100 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ತುಕ್ಕು ಹಿಡಿದ ಜೋಡಣೆಯ ರೋಧ ಬರೀ 0.02 ಓಮ್ ಇರಲಿ. ಗುಣಿಸಿ ನೋಡಿ: 2 ವೋಲ್ಟ್ ಅಲ್ಲೇ ನಷ್ಟ. ರೋಧ 0.05 ಆದರೆ ಅಷ್ಟೇ ಪ್ರವಾಹಕ್ಕೆ 5 ವೋಲ್ಟ್ ಬೇಕು; 12 ವೋಲ್ಟಿನ ಬ್ಯಾಟರಿ ಎಷ್ಟು ಹೊಸದಾದರೂ ಮೋಟಾರಿಗೆ ಉಳಿಯುವುದು ಸಾಲದು. ಎರಡು ಹೆಡ್‌ಲೈಟ್‌ಗಳಿಗೆ ಬೇಕಾದದ್ದು ಸುಮಾರು 10 ಆಂಪಿಯರ್ ಮಾತ್ರ. ಅದೇ 0.02 ಓಮ್ ದಾರಿಯಲ್ಲಿ ಬಂದರೂ ಲೈಟಿಗೆ ನಷ್ಟ 0.2 ವೋಲ್ಟ್; ಕಣ್ಣಿಗೆ ಗೊತ್ತೇ ಆಗುವುದಿಲ್ಲ. ನನ್ನ ಗಾಡಿಯಲ್ಲಂತೂ ಲೈಟಿನ ಅರ್ಥಿಂಗ್ ದಾರಿಯೇ ಬೇರೆ. ಆದ್ದರಿಂದ ಲೈಟು ಉರಿಯುತ್ತದೆ ಎಂದ ಮಾತ್ರಕ್ಕೆ ಸೆಲ್ಫಿನ ದಾರಿ ಸರಿಯಿದೆ ಎಂದಾಗುವುದಿಲ್ಲ.

ಈಗ ನಿಮ್ಮ ಮನೆಯ ಹಳೆಯ ಗಾಡಿ ಒಂದು ಬೆಳಿಗ್ಗೆ ಮುಷ್ಕರ ಹೂಡಿದೆ ಎಂದು ಭಾವಿಸಿ. ಗೇರ್ ನ್ಯೂಟ್ರಲ್‌ಗೆ ತನ್ನಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಮೊದಲ ಪ್ರಶ್ನೆ ಒಂದೇ: ಸೆಲ್ಫ್ ತಿರುಗುತ್ತದೆಯೋ ಇಲ್ಲವೋ? ಈ ಒಂದು ಪ್ರಶ್ನೆಯಿಂದ ಅರ್ಧ ಗಾಡಿಯನ್ನು ನೀವು ಅನುಮಾನದ ಪಟ್ಟಿಯಿಂದ ಕೈಬಿಡಬಹುದು. ತಿರುಗದಿದ್ದರೆ ಪೆಟ್ರೋಲ್, ಪ್ಲಗ್, ಕಾರ್ಬೊರೇಟರ್ ಯಾವುದನ್ನೂ ಸದ್ಯಕ್ಕೆ ಮುಟ್ಟಬೇಕಾಗಿಲ್ಲ. ಜೋರಾಗಿ ತಿರುಗುತ್ತಿದ್ದರೆ ಬ್ಯಾಟರಿಯ ತಂಟೆಗೆ ಹೋಗಬೇಕಾಗಿಲ್ಲ.

ತಿರುಗದಿದ್ದರೆ ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ. ಲೈಟು ಪೂರ್ತಿ ಮಂಕಾಗಿ 'ಟಕಟಕ' ಎಂದರೆ ಬ್ಯಾಟರಿಯಲ್ಲಿ ಚಾರ್ಜ್ ಇಲ್ಲ, ಅಥವಾ ಬ್ಯಾಟರಿಯ ಟರ್ಮಿನಲ್ ಸಡಿಲವಾಗಿದೆ. ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರು, ಅಡುಗೆ ಸೋಡಾ ಹಾಕಿ ತೊಳೆದು ಬಿಗಿ ಮಾಡಿ. ಲೈಟು ಮಂಕಾಗದೆ ಒಂದೇ 'ಟಕ್' ಬಂದರೆ, ಬ್ಯಾಟರಿಯಲ್ಲಿ ಶಕ್ತಿ ಇದೆ, ಮೋಟಾರಿಗೆ ತಲುಪುತ್ತಿಲ್ಲ. ಅರ್ಥಿಂಗ್ ನೋಡಿ, ಆಮೇಲೆ ಸೆಲ್ಫಿನ ಕಾರ್ಬನ್ ಮತ್ತು ಸೊಲೆನಾಯ್ಡ್ ನೋಡಿಸಿ. ಸದ್ದೇ ಇಲ್ಲದಿದ್ದರೆ ಕೀ ಸ್ವಿಚ್, ಸೊಲೆನಾಯ್ಡಿಗೆ ಬರುವ ಸಣ್ಣ ತಂತಿ, ಫ್ಯೂಸ್ ಇವುಗಳ ಸರದಿ.

ಮಲ್ಟಿಮೀಟರ್ ಇದ್ದರೆ ಊಹೆಗೆ ಜಾಗವೇ ಇಲ್ಲ. ರಾತ್ರಿಯೆಲ್ಲ ನಿಂತ ಗಾಡಿಯ ಒಳ್ಳೆಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12 ವೋಲ್ಟಿಗೆ ಇಳಿದಿದ್ದರೆ ಚಾರ್ಜ್ ಬಹುಪಾಲು ಮುಗಿದಿದೆ. ಸೆಲ್ಫ್ ಹೊಡೆಯುವಾಗ 9.5ರ ಆಸುಪಾಸಿಗಿಂತ ಕೆಳಗೆ ಬೀಳಬಾರದು. ಗಾಡಿ ಸ್ಟಾರ್ಟ್ ಆದ ಮೇಲೆ 14ರ ಹತ್ತಿರ ಬರಬೇಕು. ಬರದಿದ್ದರೆ ತಪ್ಪು ಬ್ಯಾಟರಿಯದಲ್ಲ, ಅದನ್ನು ಚಾರ್ಜ್ ಮಾಡಬೇಕಾದ ಆಲ್ಟರ್ನೇಟರ್ ಕಡೆಯದು. ಸೆಲ್ಫ್ ಹೊಡೆಯುತ್ತಿರುವಾಗ ಬ್ಯಾಟರಿಯ ಮೈನಸ್ ಮತ್ತು ಎಂಜಿನ್ ಲೋಹದ ನಡುವೆ ಮೀಟರ್ ಇಟ್ಟು ನೋಡಿ. ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಅರ್ಥಿಂಗ್ ಕೆಟ್ಟಿದೆ. ಈ ಒಂದು ಅಳತೆಯನ್ನು ಮೊದಲ ದಿನವೇ ನೋಡಿದ್ದರೆ ನನ್ನ ಬ್ಯಾಟರಿಯ ದುಡ್ಡು ಉಳಿಯುತ್ತಿತ್ತು.

ನಮ್ಮ ಊರುಗಳಲ್ಲಿ ಬೇರೆ ಒಂದು ಪರೀಕ್ಷೆಯೂ ಇದೆ, ಅದಕ್ಕೆ ಮೀಟರ್ ಬೇಡ: ನಾಲ್ಕು ಜನ ಸೇರಿ ತಳ್ಳುವುದು. ಹ್ಯಾಂಡ್‌ಬ್ರೇಕ್ ಬಿಟ್ಟು, ಕೀ ಆನ್ ಮಾಡಿ, ಎರಡನೇ ಗೇರಿಗೆ ಹಾಕಿ, ಕ್ಲಚ್ ಒತ್ತಿ ತಳ್ಳಿಸಿ. ವೇಗ ಬಂದಾಗ ಕ್ಲಚ್ ಬಿಡಿ. ಹಾಗೆ ಸ್ಟಾರ್ಟ್ ಆದರೆ ಎಂಜಿನ್, ಪೆಟ್ರೋಲ್, ಕಿಡಿ ಎಲ್ಲವೂ ಸರಿಯಿವೆ, ದೋಷ ಬ್ಯಾಟರಿ ಅಥವಾ ಸೆಲ್ಫ್ ಕಡೆಗಿದೆ ಎಂದು ಗೊತ್ತಾಯಿತು. ತಳ್ಳಿದವರಿಗೆ ಚಹಾ ಕುಡಿಸಿ, ಆದರೆ ಆ ಸಾಕ್ಷಿಯನ್ನು ಮರೆಯಬೇಡಿ.

ಒಂದು ಪ್ಲಗ್, ಎರಡು ಉತ್ತರ

ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹತ್ತುವುದಿಲ್ಲ ಎನ್ನಿ. ಪೆಟ್ರೋಲ್ ಎಂಜಿನ್ನಿಗೆ ಬೇಕಾದದ್ದು ಗಾಳಿ ಬೆರೆತ ಪೆಟ್ರೋಲ್, ಅದನ್ನು ಅದುಮುವ ಒತ್ತಡ, ಸರಿಯಾದ ಹೊತ್ತಿಗೆ ಕಿಡಿ. ಮೊದಲು ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ ನೋಡಿ. ಹಳೆಯ ಗಾಡಿಯ ಮುಳ್ಳನ್ನು ನಂಬಬೇಡಿ. ಆಮೇಲೆ ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿ. ಅದು ಎರಡು ಪ್ರಶ್ನೆಗೆ ಉತ್ತರ ಕೊಡುತ್ತದೆ.

ಪ್ಲಗ್‌ನ ತುದಿ ಒಣಗಿದ್ದರೆ ಪೆಟ್ರೋಲ್ ಸಿಲಿಂಡರಿಗೆ ಬರುತ್ತಿಲ್ಲ. ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆಯುತ್ತಿದ್ದರೆ ಪೆಟ್ರೋಲ್ ಬಂದಿದೆ, ಉರಿದಿಲ್ಲ. ಇದು ಮೊದಲನೆಯ ಉತ್ತರ. ಬಳಿಕ ಅದೇ ಪ್ಲಗ್ಗನ್ನು ಒರೆಸಿ ಅದರ ವೈರಿಗೆ ಸಿಕ್ಕಿಸಿ, ಪ್ಲಗ್‌ನ ಲೋಹದ ಮೈ ಎಂಜಿನ್ನಿಗೆ ತಾಗುವಂತೆ ಇಡಿ. ಬಿಚ್ಚಿದ ರಂಧ್ರದಿಂದ ದೂರವಿರಲಿ, ಸುತ್ತ ಚೆಲ್ಲಿದ ಪೆಟ್ರೋಲ್ ಇರಬಾರದು. ಬರಿಗೈಯಲ್ಲಿ ಹಿಡಿಯಲೇಬೇಡಿ; ಅಲ್ಲಿ ಹರಿಯುವುದು ಸಾವಿರಾರು ವೋಲ್ಟ್. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಚಟಚಟನೆ ನೀಲಿ ಕಿಡಿ ಬಂದರೆ ಕಿಡಿಯ ವ್ಯವಸ್ಥೆ ಸರಿ. ಬರದಿದ್ದರೆ, ಅಥವಾ ಕೆಂಪಗೆ ಸೋತಂತೆ ಬಂದರೆ, ಕಾಯಿಲ್, ರೋಟರ್, ಡಿಸ್ಟ್ರಿಬ್ಯೂಟರ್ ಕಡೆಗೆ ಹೋಗಿ. ಇದು ಎರಡನೆಯ ಉತ್ತರ. ಚಿಕ್ಕ ಮಕ್ಕಳು ಇದನ್ನು ದೊಡ್ಡವರಿಲ್ಲದೆ ಮಾಡಕೂಡದು.

ಅಂಬಾಸಡರ್, ಫಿಯೆಟ್‌ನಂಥ ಹಳೆಯ ಗಾಡಿಗಳಲ್ಲಿ ಪಾಯಿಂಟ್ ಇರುತ್ತದೆ. ಅದು ಸುಟ್ಟು ಕಪ್ಪಾಗಿದ್ದರೆ, ಅದರ ಗ್ಯಾಪ್ ಹೆಚ್ಚುಕಡಿಮೆಯಾಗಿದ್ದರೆ ಕಿಡಿ ಬರುವುದಿಲ್ಲ. ಆ ಗ್ಯಾಪ್ ಸುಮಾರು 0.4 ಮಿಲಿಮೀಟರ್. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರ್ ಮುಚ್ಚಳದ ಒಳಗೆ ತೇವ ಕೂತಿರುತ್ತದೆ. ಒಣ ಬಟ್ಟೆಯಿಂದ ಒರೆಸಿದರೆ ಎಷ್ಟೋ ಸಲ ಕೆಲಸ ಮುಗಿಯುತ್ತದೆ. ಇದಕ್ಕೆ ತದ್ವಿರುದ್ಧವಾಗಿ ಬಳ್ಳಾರಿ, ಕಲಬುರಗಿಯ ಬೇಸಿಗೆಯಲ್ಲಿ ಓಡಿ ನಿಂತ ಗಾಡಿ ಹತ್ತು ನಿಮಿಷದ ನಂತರ ಸ್ಟಾರ್ಟ್ ಆಗುವುದಿಲ್ಲ. ಬಿಸಿಗೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ಪಂಪ್ ಅದನ್ನು ಎಳೆಯಲಾರದು. ಹಳೆಯ ಡ್ರೈವರ್‌ಗಳು ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದುದು ಇದೇ ಕಾರಣಕ್ಕೆ. ಒಂದೇ ಲಕ್ಷಣ, ಎರಡು ಊರು, ಎರಡು ಕಾರಣ. ತಶ್ಖೀಸ್ ಎಂದರೆ ಇದೇ.

ಚೋಕ್ ಎಳೆದು ಎಳೆದು ಪೆಟ್ರೋಲ್ ಓವರ್‌ಫ್ಲೋ ಆಗಿದ್ದರೆ ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಕೆಲವು ಸೆಕೆಂಡ್ ಸೆಲ್ಫ್ ಹೊಡೆಯಿರಿ; ಅಥವಾ ಕಾಲು ಗಂಟೆ ಸುಮ್ಮನೆ ಬಿಡಿ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಕಾರ್ಬೊರೇಟರಿನ ಪೆಟ್ರೋಲ್ ಆರಿ ಹೋಗಿರುತ್ತದೆ. ಪಂಪ್ ಮತ್ತೆ ತುಂಬಿಸಲು ಸ್ವಲ್ಪ ಹೊತ್ತು ಬೇಕು. ಆದರೆ ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ. ನಡುವೆ ಅರ್ಧ ನಿಮಿಷ ಬಿಡುವು ಕೊಡಿ, ಇಲ್ಲವಾದರೆ ಇದ್ದ ಒಂದು ದೋಷಕ್ಕೆ ಸುಟ್ಟ ಮೋಟಾರ್ ಇನ್ನೊಂದಾಗುತ್ತದೆ. ಇತ್ತೀಚಿನ ಒಂದು ಸಂಗತಿಯನ್ನೂ ಗಮನಿಸಿ. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆಸುವ ಗುರಿ ಮುಟ್ಟಿದೆ. ಇಪ್ಪತ್ತೈದು ವರ್ಷದ ಹಿಂದಿನ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಇಂಥ ಪೆಟ್ರೋಲಿಗಾಗಿ ಮಾಡಿದವಲ್ಲ. ಎಥನಾಲ್ ನೀರನ್ನೂ ಹೀರಿಕೊಳ್ಳುತ್ತದೆ. ಹಳೆಯ ಗಾಡಿ ಇರುವವರು ಈ ರಬ್ಬರ್ ಭಾಗಗಳನ್ನು ಆಗಾಗ ನೋಡಿಸಬೇಕು.

ಕೊನೆಯದಾಗಿ, ಸೆಲ್ಫ್ ಎಂದಿಗಿಂತ ಹಗುರವಾಗಿ, ಬೇಗ ಬೇಗ 'ಸರ್ರ್' ಎಂದು ತಿರುಗಿದರೆ ತಕ್ಷಣ ನಿಲ್ಲಿಸಿ. ಮಾರುತಿಯಂಥ ಗಾಡಿಗಳಲ್ಲಿ ಟೈಮಿಂಗ್ ಬೆಲ್ಟ್ ತುಂಡಾದಾಗ ಹೀಗಾಗುತ್ತದೆ. ಆಗ ಗ್ಯಾರೇಜೇ ಗತಿ.

ಒಂದು ಸಲಕ್ಕೆ ಒಂದೇ

ಪ್ಲಗ್ ಬದಲಿಸಿ, ಕಾಯಿಲ್ ಬದಲಿಸಿ, ಕಾರ್ಬೊರೇಟರ್ ತೊಳೆದು, ಎಲ್ಲವನ್ನೂ ಒಂದೇ ದಿನ ಮಾಡಿದರೆ ಗಾಡಿ ಸ್ಟಾರ್ಟ್ ಆಗಬಹುದು. ಆದರೆ ಯಾವುದರಿಂದ ಆಯಿತು ಎಂದು ಯಾರಿಗೂ ತಿಳಿಯುವುದಿಲ್ಲ. ಬಿಲ್ಲು ಮಾತ್ರ ಮೂರರದ್ದೂ ಬರುತ್ತದೆ.

ಇಲ್ಲಿ ನಮ್ಮ ಪರಂಪರೆಯ ಒಬ್ಬ ಮಹನೀಯರನ್ನು ನೆನೆಯಬೇಕು. ಬಸ್ರಾದಲ್ಲಿ ಹತ್ತನೆಯ ಶತಮಾನದಲ್ಲಿ ಹುಟ್ಟಿದ ಇಬ್ನುಲ್ ಹೈಸಮ್ ಬೆಳಕಿನ ಬಗ್ಗೆ 'ಕಿತಾಬುಲ್ ಮನಾಝಿರ್' ಎಂಬ ಗ್ರಂಥ ಬರೆದರು. ಅದರಲ್ಲಿ ಒಂದು ಪ್ರಯೋಗವಿದೆ. ಹಲವು ದೀಪಗಳನ್ನು ಸಾಲಾಗಿಟ್ಟು, ಅವುಗಳ ಬೆಳಕು ಒಂದು ಸಣ್ಣ ರಂಧ್ರದ ಮೂಲಕ ಕತ್ತಲೆಯ ಜಾಗಕ್ಕೆ ಬೀಳುವಂತೆ ಮಾಡುವುದು. ಒಂದು ದೀಪವನ್ನು ಮರೆ ಮಾಡಿದರೆ ಗೋಡೆಯ ಮೇಲಿನ ಒಂದೇ ಬೆಳಕು ಮಾಯವಾಗುತ್ತದೆ. ಮರೆ ತೆಗೆದರೆ ಅದೇ ಜಾಗಕ್ಕೆ ಮರಳುತ್ತದೆ. ಎಲ್ಲ ದೀಪಗಳನ್ನು ಒಟ್ಟಿಗೆ ಆರಿಸಿದ್ದರೆ ಅವರಿಗೆ ಏನೂ ತಿಳಿಯುತ್ತಿರಲಿಲ್ಲ. ಸಾವಿರ ವರ್ಷದ ನಂತರ ನನ್ನ ಅಂಗಳದಲ್ಲಿ ಆ ಹುಡುಗ ಜಂಪರ್ ಕೇಬಲ್ ಹಿಡಿದು ಮಾಡಿದ್ದೂ ಇದನ್ನೇ. ಒಂದೇ ತಂತಿಗೆ ಬದಲಿ ದಾರಿ ಕೊಟ್ಟ, ಉಳಿದದ್ದನ್ನು ಮುಟ್ಟಲಿಲ್ಲ.

ನಮ್ಮ ತರಗತಿಗೆ ಬರೋಣ

ಬಿ.ಇಡಿ.ಯಲ್ಲಿ ನಾವು 'ನೈದಾನಿಕ ಪರೀಕ್ಷೆ ಮತ್ತು ಪರಿಹಾರ ಬೋಧನೆ' ಎಂದು ಓದುತ್ತೇವೆ. ಮಗು ಎಲ್ಲಿ ಎಡವುತ್ತಿದೆ ಎಂದು ಮೊದಲು ಕಂಡುಹಿಡಿ, ಆಮೇಲೆ ಅದಕ್ಕೆ ತಕ್ಕಂತೆ ಕಲಿಸು ಎಂಬುದು ಅದರ ಸಾರ. ನಾನು ಅದಕ್ಕೆ ಒಳ್ಳೆಯ ಅಂಕವನ್ನೂ ಪಡೆದೆ. ಆದರೆ ಆ ಹುಡುಗ ನನ್ನ ಕಾರಿಗೆ ಕೇಳಿದ ಮೂರು ಪ್ರಶ್ನೆಗಳನ್ನು ನಾನು ಅವನಿಗೆ ಎಂದೂ ಕೇಳಿರಲಿಲ್ಲ. ಮೊನ್ನೆ ಚಹಾ ಕುಡಿಯುತ್ತಾ ಕೇಳಿದೆ. "ಸರ್, ಬೋರ್ಡಿನ ಮೇಲೆ ಬರೆದದ್ದು ನನಗೆ ಕಾಣುತ್ತಿರಲಿಲ್ಲ. ಹೇಳಲು ನಾಚಿಕೆ" ಎಂದ. ಈಗ ಅವನು ಕನ್ನಡಕ ಹಾಕುತ್ತಾನೆ. ನಾನು ಬಾನೆಟ್ ಎತ್ತುವ ಮೊದಲೇ "ಗಮನ ಸಾಲದು" ಎಂದು ಬರೆದುಬಿಟ್ಟಿದ್ದೆ. ಬ್ಯಾಟರಿಗೆ ಕೊಟ್ಟ ಹಣ ಮತ್ತೆ ದುಡಿದೆ. ಅವನ ಒಂಬತ್ತನೆಯ ತರಗತಿಯನ್ನು ನಾನು ಮರಳಿ ಕೊಡಲಾರೆ.

ಆದ್ದರಿಂದ ಸಂಸ್ಥೆಯ ಹಿರಿಯರಲ್ಲಿ ನನ್ನ ಮೂರು ವಿನಂತಿ. ಒಂದು, ಪ್ರತಿ ಜೂನ್‌ನಲ್ಲಿ ನಮ್ಮ ಮಕ್ಕಳ ಕಣ್ಣು, ಕಿವಿಯ ತಪಾಸಣೆ ಆಗಲಿ. ಎರಡು, ವಿಜ್ಞಾನ ಕೊಠಡಿಗೆ ಕೆಲವು ಮಲ್ಟಿಮೀಟರ್ ಕೊಡಿಸಿ. ಒಂದೊಂದಕ್ಕೆ ಕೆಲವೇ ನೂರು ರೂಪಾಯಿ. ಓಮನ ನಿಯಮವನ್ನು ಮಕ್ಕಳು ಕೈಯಾರೆ ಅಳೆಯಲಿ. ಮೂರು, ಗ್ಯಾರೇಜುಗಳಲ್ಲಿ ದುಡಿಯುವ ನಮ್ಮ ಹುಡುಗರಿಗೆ ಸಂಜೆ ತರಗತಿ ನಡೆಸೋಣ. ಅವರು ಖಾಸಗಿ ಅಭ್ಯರ್ಥಿಗಳಾಗಿ ಎಸ್ಸೆಸ್ಸೆಲ್ಸಿ ಬರೆಯಬಹುದು. ಹತ್ತನೆಯ ತರಗತಿ ಪಾಸಾದರೆ ಐಟಿಐಯಲ್ಲಿ ಎರಡು ವರ್ಷದ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿಯ ಬಾಗಿಲು ತೆರೆಯುತ್ತದೆ. ಕನ್ನಡ ಪಾಠ ಮಾಡಲು ನಾನು ಸಿದ್ಧ. ಆ ಹುಡುಗನ ಹೆಸರನ್ನು ಮೊದಲನೆಯದಾಗಿ ಬರೆದುಕೊಂಡಿದ್ದೇನೆ, ಅವನೂ ಒಪ್ಪಿದ್ದಾನೆ.

ವಿದ್ಯಾರ್ಥಿಗಳೇ, ನಿಮಗೆ ಹೇಳುವುದು ಇಷ್ಟೇ. ಗಣಿತದಲ್ಲಿ ಕಡಿಮೆ ಅಂಕ ಬಂದರೆ "ನನಗೆ ಗಣಿತ ಬರುವುದಿಲ್ಲ" ಎನ್ನಬೇಡಿ. ಅದು ಬಾನೆಟ್ ಎತ್ತದೆ ಹೇಳಿದ ಮಾತು. ಉತ್ತರಪತ್ರಿಕೆ ತೆರೆದು ಯಾವ ಹೆಜ್ಜೆಯಲ್ಲಿ ತಪ್ಪಿದೆ, ಅದು ಪ್ರತಿ ಸಲವೂ ಅದೇ ಹೆಜ್ಜೆಯೇ ಎಂದು ನೋಡಿ. ಭಿನ್ನರಾಶಿಯಲ್ಲಿ ಹಿಡಿದ ಒಂದು ತುಕ್ಕು ಇಡೀ ಬೀಜಗಣಿತವನ್ನು ನಿಲ್ಲಿಸಿರಬಹುದು. ಅದೊಂದನ್ನು ಉಜ್ಜಿ, ಮತ್ತೆ ಕೀ ತಿರುಗಿಸಿ.

 ಅಲ್ಲಾಹನು ನಮ್ಮ ಪ್ರಯತ್ನಗಳನ್ನು ಸ್ವೀಕರಿಸಲಿ. ಆಮೀನ್.

ವಸ್ಸಲಾಮ್. ಜೈ ಹಿಂದ್, ಜೈ ಕರ್ನಾಟಕ.